ಪಾಲಿಗೆ ಓದಿದ ಬಿ.ಎ.

ನಾನು ಗೆದ್ದ ಚರ್ಚಾಸ್ಪರ್ಧೆಗಳಲ್ಲೆಲ್ಲ ನನಗೆ ದುಬಾರಿ ಬಿದ್ದದ್ದು ಪಿಯುಸಿ ಕೊನೆಯ ವರ್ಷ ಮಾಲೂರಿನಲ್ಲಿ ಗೆದ್ದದ್ದು. ವಿಷಯ, 'ಪದವಿಗಿಂತ ಕೈಕಸುಬೇ ಮೇಲು'. ಪರವೋ ವಿರೋಧವೋ ನಾವು ಆರಿಸಿಕೊಳ್ಳುವ ಹಾಗಿಲ್ಲ, ಚೀಟಿ ಎತ್ತಬೇಕು. ನನ್ನ ಚೀಟಿಯಲ್ಲಿ 'ಪರ' ಅಂತ ಬಂತು. ಬಂದ ಮೇಲೆ ಬಿಡೋ ಮಾತೇ ಇಲ್ಲ. ಮೇಜು ಕುಟ್ಟಿ ವಾದಿಸಿದೆ. "ಬಿ.ಎ. ಓದಿದವನು ಬಸ್‌ಸ್ಟಾಂಡಿನಲ್ಲಿ ಕೂತು ಪೇಪರು ಓದುತ್ತಾನೆ, ಕೈಕಸುಬು ಕಲಿತವನು ಅದೇ ಬಸ್ಸಿನ ಅಡಿಗೆ ನುಗ್ಗಿ ರಿಪೇರಿ ಮಾಡಿ ಸಂಜೆಗೆ ಕೂಲಿ ಎಣಿಸುತ್ತಾನೆ" ಅಂದಾಗ ಹಿಂದಿನ ಬೆಂಚಿನಿಂದ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ನಮ್ಮಪ್ಪ.

ನಮ್ಮೂರಿನ ಮೇಲೆ ಮಾಸ್ತಿ ಕಡೆಗೆ ಹೋಗುವ ಬಸ್ಸು ಆಗ ಸಂಜೆಗೇ ಕೊನೆ. ಕಾರ್ಯಕ್ರಮ ತಡವಾದರೆ ನನ್ನನ್ನು ಕರೆದುಕೊಂಡು ಹೋಗೋಣ ಅಂತ ಬಂದಿದ್ದ. ನಾನು ಮಾತಾಡುವುದನ್ನು ಅವನು ಕೇಳಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಬಹುಮಾನದ ಸ್ಟೀಲ್ ಲೋಟವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದ. ಇಳಿಯುವಾಗ ಒಂದೇ ಮಾತು ಅಂದ: "ಎಷ್ಟು ಸರಿಯಾಗಿ ಹೇಳ್ದೆ ಕಣಮ್ಮ."

ಅಲ್ಲಿಗೆ ನನ್ನ ಬಿ.ಎ. ಮುಳುಗಿತು.

ಯಾಕೆಂದರೆ ರಿಸಲ್ಟು ಬಂದ ಮೇಲೆ ಕೋಲಾರದ ಕಾಲೇಜಿಗೆ ಸೇರಿ ಇತಿಹಾಸ ಓದಬೇಕು ಅಂತ ನಾನು ಅದಾಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅದಕ್ಕೆ ಕಾರಣ ನಮ್ಮ ಹಿಪ್ಪುನೇರಳೆ ತೋಟದ ಬದುವಿನ ಮೇಲಿದ್ದ ಒಂದು ಕಲ್ಲು. ಅದರಲ್ಲಿ ಕತ್ತಿ ಹಿಡಿದ ಒಬ್ಬ ಗಂಡಸು, ಅವನ ಹಿಂದೆ ಸಾಲಾಗಿ ಹಸುಗಳು, ಕೆಳಗೆ ಯಾರಿಗೂ ಓದಕ್ಕೆ ಬಾರದ ಅಕ್ಷರ. ಸೊಪ್ಪು ಕೊಯ್ಯುವ ಹೊತ್ತಿನಲ್ಲಿ ಅಪ್ಪ ಟವಲ್ಲು ಹಾಕುತ್ತಿದ್ದದ್ದು ಆ ಗಂಡಸಿನ ತಲೆ ಮೇಲೆ. ಅವನು ಯಾರು ಅಂತ ಕೇಳಿದರೆ "ಯಾರೋ ಇರ್ಬೇಕು, ಹಳೇ ಕಾಲದೋನು" ಅಂತಿದ್ದ. ಈ ಉತ್ತರ ನನಗೆ ಚಿಕ್ಕಂದಿನಿಂದಲೂ ಮೈ ಉರಿಸುತ್ತಿತ್ತು.

ಅಪ್ಪನ ಹತ್ತಿರ ವಿಷಯ ಎತ್ತಿದೆ. ಅವನು ನೆಲಗಡಲೆ ಸುಲಿಯುತ್ತಾ ಕೂತಿದ್ದ, ತಲೆ ಎತ್ತಲಿಲ್ಲ.

"ಬಿ.ಎ. ಓದಿದೋನು ಬಸ್‌ಸ್ಟಾಂಡಲ್ಲಿ ಕೂತು ಪೇಪರ್ ಓದ್ತಾನೆ."

"ಅಪ್ಪಾ, ಅದು ಸ್ಪರ್ಧೆ! ಚೀಟಿಯಲ್ಲಿ ಪರ ಅಂತ ಬಂದಿತ್ತು."

"ಹಂಗಾದ್ರೆ ಸುಳ್ಳು ಹೇಳಿ ಲೋಟ ತಂದ್ಯಾ?"

"ಸುಳ್ಳಲ್ಲ, ವಾದ."

"ನಿಜಾನೋ ಸುಳ್ಳೋ ಅದನ್ನ ಹೇಳು. ಸುಳ್ಳಾದ್ರೆ ಲೋಟ ವಾಪಸ್ ಕೊಟ್ಟು ಬರಾಣ. ನಿಜ ಆದ್ರೆ ಟಿ.ಸಿ.ಎಚ್. ಮಾಡು. ಎರಡೇ ವರ್ಷ, ಆಮೇಲೆ ಟೀಚರ್ ಕೆಲ್ಸ."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನನ್ನ ಗುರುಗಳು ಎದುರಾಳಿಯ ವಾದವನ್ನು ಮುರಿಯುವುದು ಹೇಗೆ ಅಂತ ಕಲಿಸಿದ್ದರು. ಎದುರಾಳಿ ನನ್ನದೇ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಕೂತರೆ ಏನು ಮಾಡಬೇಕು ಅಂತ ಕಲಿಸಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೂ ಅಪ್ಪ ಅದರೊಳಗೆ ನನ್ನ ಭಾಷಣದ ಒಂದು ಸಾಲು ತೂರಿಸುತ್ತಿದ್ದ. ಅಮ್ಮನಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಒಲೆ ಕಡೆ ಮುಖ ತಿರುಗಿಸಿಕೊಂಡು ಕೆಮ್ಮುತ್ತಿದ್ದಳು.

ಅಪ್ಪನನ್ನು ಜಿಪುಣ ಅಂತ ತಿಳಿಯಬೇಡಿ. ದುಡ್ಡಿರಲಿಲ್ಲ, ಅಷ್ಟೇ. ಕಾಲೇಜಿನ ಫೀಸು ಅಂಥ ದೊಡ್ಡದಲ್ಲ. ಆದರೆ ಕೋಲಾರದಲ್ಲಿ ಇರಬೇಕು, ಉಣ್ಣಬೇಕು, ಪುಸ್ತಕ ಕೊಳ್ಳಬೇಕು. ಜೊತೆಗೆ ನಾನು ಕೊಯ್ಯುತ್ತಿದ್ದ ಸೊಪ್ಪಿಗೆ ಕೂಲಿಯಾಳು ಇಡಬೇಕು. ಟಿ.ಸಿ.ಎಚ್. ಆದರೆ ಖರ್ಚು ಕಮ್ಮಿ, ಸಂಬಳ ಬೇಗ. ಬಿ.ಎ. ಆದರೆ ಖರ್ಚು ಜಾಸ್ತಿ, ಸಂಬಳ ದೇವರೇ ಬಲ್ಲ. ನಾನು ಅನುಮಾನದ ಪ್ರಾಣಿ, ಕುರುಡುಮಲೆ ಗಣೇಶನನ್ನು ಕೂಡ ಇಷ್ಟು ದೊಡ್ಡವನು ಯಾಕಪ್ಪ ಅಂತ ಪ್ರಶ್ನೆ ಕೇಳಿ ಬೈಸಿಕೊಂಡವಳು. ನನ್ನ ಆಸೆಯನ್ನು ಮಾತ್ರ ಪ್ರಶ್ನೆ ಕೇಳದೆ ಬಿಟ್ಟರೆ ನ್ಯಾಯವಾ? ಎರಡು ಕಡೆಯನ್ನೂ ಮನಸ್ಸಿನಲ್ಲೇ ತೂಗಿ ನೋಡಿದೆ. ಎಷ್ಟು ಸಲ ತೂಗಿದರೂ ತಕ್ಕಡಿ ಅಪ್ಪನ ಕಡೆಗೇ ವಾಲುತ್ತಿತ್ತು.

ಉಳಿದ ದಾರಿ ಸಾಲ. ಒಂದು ದಿನ ಅಪ್ಪನನ್ನು ಎಳೆದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರು ಒಳ್ಳೆಯ ಮನುಷ್ಯ. ಕಾಫಿ ತರಿಸಿದರು.

"ಏನು ಓದ್ತೀಯಮ್ಮ?"

"ಇತಿಹಾಸ, ಸರ್."

ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಸೀಮೆ ಹಸು ತಗೊಳ್ಳೋದಾದ್ರೆ ನಾಳೇನೇ ಸಾಲ ಕೊಡ್ತೀನಿ. ಹಾಲು ಡೈರಿಗೆ ಹೋಗುತ್ತೆ, ಕಂತು ಅಲ್ಲಿಂದಾನೇ ಹಿಡ್ಕೋತೀವಿ. ಇತಿಹಾಸ ಹಾಲು ಕರೆಯಲ್ವಲ್ಲ?"

ಅಪ್ಪನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಬರುವಾಗ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದ. ಬಡ್ಡಿಗೆ ಕೊಡುವವರು ಇದ್ದರು. ಆದರೆ ಮಾಲೂರಿನ ಸುತ್ತಲ ಇಟ್ಟಿಗೆ ಗೂಡುಗಳಲ್ಲಿ ಮುಂಗಡ ತಗೊಂಡ ಸಂಸಾರಗಳು ಮಳೆಗಾಲ ಬಂದರೂ ಊರಿಗೆ ಹೋಗಲಾಗದೆ ಉಳಿದುಬಿಡುವುದನ್ನು ನಾನು ಕಾಲೇಜಿಗೆ ಹೋಗುವ ದಾರಿಯಲ್ಲೇ ಕಂಡಿದ್ದೆ. ಸಾಲ ಅಂದರೆ ನನ್ನ ಕಣ್ಣಿಗೆ ಆ ಗೂಡಿನ ಹೊಗೆಯೇ ಬರುತ್ತಿತ್ತು. ಹಾಗಾಗಿ ಬಡ್ಡಿ ಸಾಲ ಬೇಡ ಅಂತ ನಾನೇ ಅಂದೆ. ಅಪ್ಪ "ಇದೂ ಸರಿಯಾಗಿ ಹೇಳ್ದೆ" ಅಂದ.

ಅಷ್ಟರಲ್ಲಿ ಶ್ರೀನಿವಾಸಪುರದಿಂದ ಅತ್ತೆ ಬಂದಳು.

ಅತ್ತೆ ಅಂದರೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಮಾವಿನ ತೋಪನ್ನು ಒಬ್ಬಳೇ ನಿಭಾಯಿಸುತ್ತಿದ್ದಳು. ಒಬ್ಬ ಮಗ, ಐ.ಟಿ.ಐ. ಮಾಡಿ ಲೈನ್‌ಮನ್ ಆಗಿದ್ದ; ನನ್ನ ಭಾಷಣದ ಕೈಕಸುಬಿನ ವೀರನಿಗೆ ಅವನೇ ಮಾದರಿ. ಅತ್ತೆಯದು ಅರ್ಧ ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದರೆ ಪೂರ್ತಿ ತೆಲುಗು. ಪ್ರತಿ ವರ್ಷ ಹಣ್ಣಿನ ಬುಟ್ಟಿ ಹೊತ್ತು ಬರುವವಳು ಆ ವರ್ಷವೂ ಬಂದಳು. ಜಗಲಿ ಮೇಲೆ ಕಾಲು ಚಾಚಿ, "ಏಮೇ, ಮುಖ ಯಾಕೆ ಹಂಗೆ ಇಟ್ಕೊಂಡಿದ್ದೀಯ?" ಅಂದಳು.

ಹೇಳಿದೆ. ಅಪ್ಪನೂ ಹೇಳಿದ. ಇಬ್ಬರೂ ಒಟ್ಟಿಗೆ ಹೇಳಿದೆವು.

"ಒಬ್ಬೊಬ್ರೇ ಹೇಳ್ರಿ. ನಿಮ್ಮ ಕಾಲೇಜಲ್ಲಿ ಹೆಂಗೆ ಮಾಡ್ತಾರೋ ಹಂಗೇ ಮಾಡಾಣ. ನಾನು ತೀರ್ಪು ಕೊಡೋಳು."

ನಾನು ಎದ್ದು ನಿಂತು ವಾದಿಸಿದೆ. ವಿದ್ಯೆ ಅಂದೆ, ಬೆಳಕು ಅಂದೆ, ಸಮಾಜ ಅಂದೆ. ಅಪ್ಪ ಎದ್ದು ನಿಲ್ಲಲೂ ಇಲ್ಲ. ನನ್ನ ಮಾಲೂರಿನ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಬಿಟ್ಟ. ಮೇಜಿಲ್ಲದ್ದಕ್ಕೆ ಮೊರವನ್ನು ಕುಟ್ಟಿದ.

ಅತ್ತೆ ಮಾವಿನ ವಾಟೆ ಚೀಪಿ ಮುಗಿಸಿ, ಕೈ ಒರೆಸಿಕೊಂಡು ಹೇಳಿದಳು: "ತಮ್ಮ ಗೆದ್ದ. ನೀನು ಹೇಳಿದ್ದೆಲ್ಲ ಬರೀ ಗಾಳಿ ಕಣೇ."

ನನಗೆ ಅಳುವೇ ಬಂತು. ನನ್ನದೇ ಭಾಷಣದಿಂದ ಸೋಲುವುದು ಅಂದರೆ ಸಣ್ಣ ಮಾತಾ?

"ಅಳಬೇಡ, ಅಳಬೇಡ. ವಾದದಲ್ಲಿ ಗೆದ್ದೋನು ಗೆದ್ದ. ಸೋತ ಕರುನ ನಾನು ಪಾಲಿಗೆ ತಗೋತೀನಿ. ಓದಿನ ಖರ್ಚೆಲ್ಲ ನಂದು."

ಪಾಲಿಗೆ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕರು ಒಬ್ಬರದು, ಮೇವು ಇನ್ನೊಬ್ಬರದು. ಬಡ್ಡಿ ಇಲ್ಲ. ಕರು ಸತ್ತರೆ ಯಾರೂ ಯಾರಿಗೂ ಕೊಡಬೇಕಾದ್ದಿಲ್ಲ. ಬೆಳೆದು ಹಸುವಾಗಿ ಹಾಲು ಕರೆಯಲು ಶುರುವಾದಾಗ ಲೆಕ್ಕ ತೀರಿಸುತ್ತಾರೆ. ಅದಕ್ಕೊಂದು ಕ್ರಮ ಇದೆ: ಒಬ್ಬರು ಹಸುವಿಗೆ ಬೆಲೆ ಕಟ್ಟಬೇಕು, ಇನ್ನೊಬ್ಬರು ಆರಿಸಬೇಕು. ಆರಿಸುವವರು ಆ ಬೆಲೆಯ ಅರ್ಧ ಕೊಟ್ಟು ಹಸುವನ್ನು ಹೊಡೆದುಕೊಂಡು ಹೋಗಬಹುದು. ಇಲ್ಲವಾದರೆ ಅರ್ಧ ಇಸ್ಕೊಂಡು ಹಸುವನ್ನು ಬಿಟ್ಟುಕೊಡಬಹುದು. ಬೆಲೆ ಕಟ್ಟುವವರು ಮೋಸ ಮಾಡುವ ಹಾಗಿಲ್ಲ. ಕಮ್ಮಿ ಕಟ್ಟಿದರೆ ಹಸು ಹೋಗುತ್ತದೆ, ಜಾಸ್ತಿ ಕಟ್ಟಿದರೆ ದುಡ್ಡು ಹೋಗುತ್ತದೆ. ಶ್ರೀನಿವಾಸಪುರದ ಸುತ್ತ ಹಳ್ಳಿಹಳ್ಳಿಯಲ್ಲಿ ಅತ್ತೆಯ ಪಾಲಿನ ಹಸುಗಳಿದ್ದವು.

"ನಾನೇನು ಕರುವಾ?" ಅಂದೆ.

"ಕರು ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ."

"ಸರಿ, ಬೆಲೆ ಯಾರು ಕಟ್ಟೋದು?"

"ನಿಮ್ಮಪ್ಪ ಕಟ್ಟಲಿ."

"ಯಾಕೆ? ಓದೋಳು ನಾನು. ಬೆಲೆ ನಾನೇ ಕಟ್ತೀನಿ."

ಅತ್ತೆಗೆ ಖುಷಿಯಾಯಿತು. "ನೀನೇ ಕಟ್ಟು. ಆರಿಸೋಳು ನಾನು. ನನಗೆ ಬೇಕು ಅನ್ನಿಸಿದ್ರೆ ಅರ್ಧ ಎಸೆದು ಹೊಡ್ಕೊಂಡು ಹೋಗ್ತೀನಿ, ಆಮೇಲೆ ಹಟ ಮಾಡಂಗಿಲ್ಲ."

ನನ್ನೊಳಗಿನ ಅನುಮಾನ ತಕ್ಷಣ ಎದ್ದು ಕೂತಿತು. ಸೋದರತ್ತೆ, ಅವಳಿಗೊಬ್ಬ ಮದುವೆ ವಯಸ್ಸಿನ ಮಗ. ನಮ್ಮ ಕಡೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾ? "ಹೊಡ್ಕೊಂಡು ಹೋಗೋದು ಅಂದ್ರೆ ಏನತ್ತೆ? ಸೊಸೆ ಮಾಡ್ಕೊಳ್ಳೋದಾ?" ಅಂತ ನೇರವಾಗಿ ಕೇಳಿಯೇಬಿಟ್ಟೆ.

"ಅಯ್ಯೋ ದೇವುಡಾ! ನನ್ನ ಮಗ ಪಾಪದೋನು ಕಣೇ. ಕಂಬದ ಮೇಲೆ ಕರೆಂಟಿಗೆ ಹೆದರಲ್ಲ, ನಿನ್ನ ಬಾಯಿಗೆ ಹೆದರ್ತಾನೆ. ನನಗೆ ಸೊಸೆ ಬೇಡ, ಬಾಯಿ ಬೇಕು. ಮಾವು ಹೂ ಬಿಟ್ಟ ಕೂಡ್ಲೇ ಗುತ್ತಿಗೆದಾರರು ಬಂದು ನನ್ನ ತಲೆ ತಿಂತಾರೆ. ಅವರ ಎದುರಿಗೆ ಕೂತು ಮಾತಾಡಕ್ಕೆ ಒಬ್ಬಳು ಬೇಕು. ನಿನ್ನ ತಗೊಂಡ್ರೆ ತೋಪಲ್ಲಿ ಕೂರಿಸ್ತೀನಿ. ಒಪ್ಪಿಗೇನಾ?"

ಅಪ್ಪನ ಮುಖ ನೋಡಿದೆ. ಅವನು ಮೊರ ಕೆಳಗಿಟ್ಟು, "ಕರು ಬಿಟ್ಟೆ" ಅಂದ. ನಾನು ಕೋಲಾರಕ್ಕೆ ಹೋದೆ.

ಕರುವಿನಲ್ಲಿ ಪಾಲಿರುವವರು ಆಗಾಗ ಬಂದು ಕರು ಹೇಗಿದೆ ಅಂತ ನೋಡಿ ಹೋಗುವುದು ರೂಢಿ. ಅತ್ತೆಯೂ ಬರುತ್ತಿದ್ದಳು. ಹಾಸ್ಟೆಲ್ಲಿನ ಬಾಗಿಲಲ್ಲಿ ನನ್ನ ರಟ್ಟೆ ಹಿಸುಕಿ ನೋಡಿ, "ಮೇವು ಎಲ್ಲಿಗೆ ಹೋಗ್ತಿದೆ?" ಅಂತ ಗೆಳತಿಯರ ಎದುರಿಗೇ ಕೇಳುತ್ತಿದ್ದಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ತಂದ ಚಕ್ಕುಲಿಯ ಡಬ್ಬಿ ಬಿಚ್ಚಿ, "ಈ ಸಲ ಏನು ಕಲಿತೆ, ಹೇಳು" ಅನ್ನುತ್ತಿದ್ದಳು. ಬರೀ ಗಾಳಿ ಅಂದವಳು ಅವಳು. ಅವಳಿಗೆ ಗಾಳಿಯನ್ನೇ ಹೇಳುವ ಹಾಗಿರಲಿಲ್ಲ. ರಾಜ ಮನೆತನಗಳ ವಂಶಾವಳಿ ಹೇಳಿದರೆ ಆಕಳಿಸುತ್ತಿದ್ದಳು. ಕಂದಾಯದ ವಿಷಯ ಹೇಳಿದರೆ ಕಿವಿ ನಿಮಿರುತ್ತಿತ್ತು.

ಎರಡನೆಯ ವರ್ಷ ನಮ್ಮ ಬದುವಿನ ಕಲ್ಲಿನ ಗುಟ್ಟು ಸಿಕ್ಕಿತು. ಮೇಷ್ಟರೊಬ್ಬರು ವೀರಗಲ್ಲುಗಳ ಪಾಠ ಮಾಡುತ್ತಾ ಕರಿಹಲಗೆ ಮೇಲೆ ಒಂದು ಚಿತ್ರ ಬರೆದರು. ಅದು ನಮ್ಮದೇ ಕಲ್ಲು ಅನ್ನುವಷ್ಟು ಹತ್ತಿರ ಇತ್ತು. ಆ ರಜಕ್ಕೆ ಊರಿಗೆ ಹೋಗಿ ಅಪ್ಪನ ಟವಲ್ಲು ಎತ್ತಿ, ಕಲ್ಲಿಗೆ ನೀರು ಹಾಕಿ ಉಜ್ಜಿ, ಮೇಷ್ಟರು ಕಲಿಸಿದ್ದ ಹಳೆಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡೆ. ಅರ್ಧಕ್ಕರ್ಧ ಸವೆದುಹೋಗಿತ್ತು. ಸಿಕ್ಕಷ್ಟರಲ್ಲಿ ವಿಷಯ ಇಷ್ಟು: ಕಳ್ಳರು ಊರಿನ ದನ ಹೊಡೆದುಕೊಂಡು ಹೋದರು, ಇವನು ಬೆನ್ನಟ್ಟಿ ಹೋಗಿ ದನ ಬಿಡಿಸಿದ, ಅಲ್ಲೇ ಸತ್ತ.

ಅತ್ತೆ ಮುಂದಿನ ಸಲ ಬಂದಾಗ ಇದನ್ನೇ ಹೇಳಿದೆ. ಚಕ್ಕುಲಿ ಅವಳ ಕೈಯಲ್ಲೇ ಉಳಿಯಿತು.

"ಹಸುಗೋಸ್ಕರ ಸತ್ತನಾ?"

"ಹೂಂ ಅತ್ತೆ. ನಮ್ಮ ತೋಟದ ಹತ್ರಾನೇ."

"ಒಬ್ಬನೇ ಹೋಗಿದ್ನಾ? ದನ ಎಲ್ಲ ವಾಪಸ್ ಬಂತಾ?"

"ಬಂತು ಅಂತಾನೇ ಕಲ್ಲು ಹಾಕ್ಸಿದಾರೆ."

"ಇಂಥದ್ದನ್ನ ಅವತ್ತು ಜಗಲಿ ಮೇಲೆ ಹೇಳೋದು ಬಿಟ್ಟು ಬೆಳಕು ಪಳಕು ಅಂದ್ಯಲ್ಲೇ, ದಡ್ಡಿ!" ಅಂದಳು. ಆ ಸಲ ಶ್ರೀನಿವಾಸಪುರಕ್ಕೆ ಹೋಗುವ ಮುಂಚೆ ನಮ್ಮೂರಿಗೆ ಹೋಗಿ, ಆ ಕಲ್ಲಿನ ಮೇಲೆ ಟವಲ್ಲು ಹಾಕಿದರೆ ಕೈ ಮುರಿಯುತ್ತೇನೆ ಅಂತ ಅಪ್ಪನಿಗೆ ಹೇಳಿ ಹೋದಳಂತೆ. ಅಪ್ಪ ಅಂದಿನಿಂದ ಟವಲ್ಲನ್ನು ಹೆಗಲಿನಿಂದ ಇಳಿಸಿಲ್ಲ.

ಬಿ.ಎ. ಮುಗಿಯಿತು. ಆಮೇಲೆ ಏನಾಯಿತು ಅನ್ನುವುದನ್ನು ಮುಚ್ಚಿಡದೆ ಹೇಳುತ್ತೇನೆ. ನನ್ನ ಮಾಲೂರಿನ ಭಾಷಣದಲ್ಲಿ ಎಷ್ಟು ಭವಿಷ್ಯ ಹೇಳಿದ್ದೆನೋ ಬಹುಪಾಲು ಅಷ್ಟೂ ನಿಜವಾಯಿತು. ಅರ್ಜಿ ಹಾಕಿ ಹಾಕಿ, ಬಸ್‌ಸ್ಟಾಂಡಿನಲ್ಲಿ ಕೂತು ಪೇಪರು ಓದಿ, ಕೊನೆಗೆ ಮುಳಬಾಗಿಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ನನ್ನ ಜೊತೆ ಪಿಯುಸಿ ಓದಿ ಟಿ.ಸಿ.ಎಚ್. ಮಾಡಿದ ಗೆಳತಿ ಆ ಹೊತ್ತಿಗೆ ಸರ್ಕಾರಿ ಸಂಬಳದಲ್ಲಿ ಹೊಲಿಗೆ ಮಿಷಿನ್ನು ಕೊಂಡಿದ್ದಳು, ಓಲೆ ಮಾಡಿಸಿಕೊಂಡಿದ್ದಳು. ಅತ್ತೆಯ ಮಗನ ಸಂಬಳದ ಮುಂದೆ ನನ್ನದು ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ. ಇತಿಹಾಸ ಹಾಲು ಕರೆಯಿತು, ನಿಜ. ಕರೆದದ್ದು ಪಾವಿನಷ್ಟು.

ಮೊದಲ ಸಂಬಳ ಬಂದ ತಿಂಗಳೇ ಅತ್ತೆ ಬಂದಳು, ಸಾಕ್ಷಿಗೆ ಅಪ್ಪನನ್ನೂ ಕರೆದುಕೊಂಡು. ಬರುವಾಗ ಕುರುಡುಮಲೆಗೆ ಹೋಗಿ ಗಣೇಶನಿಗೆ ಕೈ ಮುಗಿದು ಬಂದಿದ್ದರು. ಇಬ್ಬರ ಹಣೆಯಲ್ಲೂ ವಿಭೂತಿ. ನನ್ನ ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿದೆ, ಬಹುಮಾನದ ಲೋಟಗಳಲ್ಲಿ ಕಾಫಿ ಕೊಟ್ಟೆ.

"ಹೂಂ. ಕಟ್ಟು ಬೆಲೆ," ಅಂದಳು ಅತ್ತೆ.

ನಾನು ತಯಾರಾಗಿದ್ದೆ. ಮೂರು ವರ್ಷ ಅವಳು ಹಾಕಿದ ಮೇವಿನ ಎರಡರಷ್ಟು ಬೆಲೆ ಕಟ್ಟಿದರೆ, ಅರ್ಧ ಅಂದರೆ ಮೇವಿನ ದುಡ್ಡು. ಅಷ್ಟನ್ನು ತೀರಿಸಿದರೆ ಅವಳಿಗೂ ನಷ್ಟವಿಲ್ಲ, ನನಗೂ ಭಾರವಿಲ್ಲ. ಎಂಥ ಜಾಣತನ! ಆ ಬೆಲೆ ಹೇಳಿದೆ.

"ಇಷ್ಟೇನಾ? ಹಿಡ್ಕೊಂಡೆ!" ಅತ್ತೆ ಲೋಟ ಕುಕ್ಕಿದಳು. ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು. "ಅರ್ಧ ಈಗಲೇ ಎಣಿಸ್ತೀನಿ. ಬಟ್ಟೆ ಗಂಟು ಕಟ್ಟು, ಬಸ್ಸಿಗೆ ಹೊತ್ತಾಯ್ತು. ಈ ಬೆಲೆಗೆ ಸೀಮೆ ಹಸು ಕೂಡ ಬರಲ್ಲ, ಮಾತಾಡೋ ಹಸು ಬಂತು!"

ಅವಳು ಎಣಿಸಿಯೇಬಿಟ್ಟಿದ್ದರೆ ನಾನು ಹೋಗಲೇಬೇಕಿತ್ತು, ಒಪ್ಪಿದ್ದು ಹಾಗೆ. ಶಾಲೆ, ಈ ಕೋಣೆ, ಸೋಮವಾರ ಹೇಳಬೇಕಿದ್ದ ಪಾಠ ಎಲ್ಲ ಬಿಟ್ಟು ಮಾವಿನ ತೋಪಿನಲ್ಲಿ ಗುತ್ತಿಗೆದಾರರ ಎದುರಿಗೆ ಕೂರುವುದು.

"ಇರು ಅತ್ತೆ, ಅಷ್ಟು ಅಗ್ಗಕ್ಕೆ ಹೆಂಗೆ?"

"ಬೆಲೆ ಕಟ್ಟಿದ್ದು ನೀನೇ ಅಲ್ವೇನೇ?"

"ಕಟ್ಟಿದ್ದು ತಪ್ಪಾಯ್ತು. ಇನ್ನೊಂದು ಸಲ ಕಟ್ತೀನಿ."

"ಅಕ್ಕ, ಅದು ಹಂಗೆಲ್ಲ ಇಲ್ಲ ಅಲ್ವಾ?" ಅಂದ ಅಪ್ಪ, ಪಕ್ಕಾ ಸಾಕ್ಷಿಯ ಗತ್ತಿನಲ್ಲಿ. ಅತ್ತೆ ಚೀಲದಿಂದ ಕೈ ತೆಗೆಯದೆ, "ಏರಿಸೋದಾದ್ರೆ ಏರಿಸು. ಆದ್ರೆ ಯಾಕೆ ಏರಿಸ್ಬೇಕು ಅಂತ ಹೇಳ್ಬೇಕು. ಗಾಳಿ ಬೇಡ," ಅಂದಳು.

ಹೇಳಿದೆ. ಎದ್ದು ನಿಂತು ಅಲ್ಲ, ಚಾಪೆ ಮೇಲೆ ಕೂತೇ ಹೇಳಿದೆ. ನಮ್ಮ ಕಲ್ಲನ್ನು ಅಷ್ಟು ಕಾಲ ಯಾರೂ ಓದಿರಲಿಲ್ಲ, ನಾನು ಓದಿದೆ. ಅದಕ್ಕೆ ಇಷ್ಟು ಅಂದೆ. ಈಗ ಮುಳಬಾಗಿಲಿನ ಮಕ್ಕಳು ತಮ್ಮೂರಿನ ಕಲ್ಲುಗಳ ಅಕ್ಷರವನ್ನು ಕಾಗದದ ಮೇಲೆ ಇಳಿಸಿಕೊಂಡು ಬಂದು ಮೇಜಿನ ಮೇಲೆ ಹರಡುತ್ತಾರೆ, ನನಗೇ ಓದಲು ಬಾರದ್ದನ್ನೂ ತರುತ್ತಾರೆ, ಅದಕ್ಕೆ ಇಷ್ಟು. ಸಂಬಳ ಕಮ್ಮಿ, ಒಪ್ಪಿದೆ, ಆದರೆ ಶನಿವಾರ ಬಂದರೆ ಸೋಮವಾರ ಯಾವಾಗ ಬರುತ್ತೋ ಅನ್ನಿಸುವ ಕೆಲಸ ಇನ್ನು ಯಾರಿಗಿದೆ? ಕಂಬ ಹತ್ತುವ ನಿನ್ನ ಮಗನಿಗೆ ಇದೆಯಾ? ಅದಕ್ಕೆ ಇಷ್ಟು. ಒಂದೊಂದು ಮಾತಿಗೂ ಅತ್ತೆ "ಆಮೇಲೆ?" ಅನ್ನುತ್ತಿದ್ದಳು, ನಾನು ಏರಿಸುತ್ತಿದ್ದೆ. ನನ್ನ ಬಾಯಿಂದಲೇ ನನ್ನ ಬೆಲೆ ನನ್ನ ಕೈಗೆಟುಕದಷ್ಟು ಮೇಲೆ ಹೋಗುತ್ತಿರುವುದು ಗೊತ್ತಾಗುತ್ತಿತ್ತು. ನಿಲ್ಲಿಸಲು ಮಾತ್ರ ಆಗಲಿಲ್ಲ.

ನಡುವೆ ಅಪ್ಪ ಕೇಳಿದ: "ಈ ಸಲ ಚೀಟಿ ಎತ್ತಿದ್ಯಾ?"

"ಇಲ್ಲಪ್ಪ."

"ಅವತ್ತು ಇದನ್ನೇ ಹೇಳಿದ್ರೆ ನಾನೇ ಕೊಟ್ಟಿಗೆ ಹಸು ಮಾರಿ ಓದಿಸ್ತಿದ್ನಲ್ಲಮ್ಮ."

"ಅವತ್ತು ಇದು ನನಗೆ ಗೊತ್ತಿರ್ಲಿಲ್ಲ. ಓದಿದ ಮೇಲೇ ಗೊತ್ತಾಗಿದ್ದು."

ಅತ್ತೆ ಎಲೆಅಡಿಕೆ ಚೀಲದ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಸಾಕು. ಈ ಬೆಲೆಗೆ ನಾನು ತಗೊಳ್ಳಲ್ಲ, ನನಗೆ ಗಿಟ್ಟಲ್ಲ. ಹಸು ನಿನಗೇ ಇರಲಿ. ಅರ್ಧ ಎಣಿಸು."

ಆ ಅರ್ಧ ಎಷ್ಟಾಗಿತ್ತೆಂದರೆ, ಬಡ್ಡಿಗೆ ಸಾಲ ತಂದು ಓದಿದ್ದರೂ ಅಷ್ಟಾಗುತ್ತಿರಲಿಲ್ಲ. ಅಪ್ಪ ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿ, ಕೆಮ್ಮು ಬರುವಷ್ಟು ನಕ್ಕ. ಕಂತಿನಲ್ಲಿ ಕೊಡುತ್ತೇನೆ ಅಂದೆ. ಅತ್ತೆ ಒಪ್ಪಿದಳು, ಇಂಥ ತಿಂಗಳು ಇಷ್ಟೇ ಅಂತ ಕಟ್ಟುಪಾಡಿಲ್ಲ, ತೋಪು ಗುತ್ತಿಗೆಗೆ ಕೊಡುವ ದಿನ ಮಾತ್ರ ಬಂದು ಪಕ್ಕದಲ್ಲಿ ಕೂರಬೇಕು.

ಇನ್ನೂ ಕಟ್ಟುತ್ತಿದ್ದೇನೆ. ಸಂಬಳ ಒಂದಿಷ್ಟು ಏರಿದೆ, ಆದರೂ ಹೊಲಿಗೆ ಮಿಷಿನ್ನಿನ ಗೆಳತಿ ನನಗಿಂತ ಬಹಳ ಮುಂದಿದ್ದಾಳೆ. ಬಿ.ಎ. ಲಾಭವೋ ನಷ್ಟವೋ ಅಂತ ನನ್ನ ವಿದ್ಯಾರ್ಥಿಗಳು ಕೇಳಿದರೆ ಮೊದಲು ನನ್ನ ಮಾಲೂರಿನ ಭಾಷಣವನ್ನೇ ಪೂರ್ತಿ ಹೇಳುತ್ತೇನೆ, ಒಂದು ಸಾಲೂ ಬಿಡದೆ. ಆಮೇಲೆ ಚಾಪೆಯ ಮೇಲೆ ಹೇಳಿದ್ದನ್ನು ಹೇಳುತ್ತೇನೆ. ತೂಗಿಕೊಳ್ಳುವುದು ಅವರಿಗೆ ಬಿಟ್ಟದ್ದು.

ಹೋದ ತಿಂಗಳು ಕಂತು ಕೊಡಲು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಮಾವು ಹೂ ಬಿಟ್ಟಿತ್ತು. ಗುತ್ತಿಗೆದಾರನನ್ನು ಮಾತಿನಲ್ಲಿ ಸುಸ್ತು ಮಾಡಿ ಕಳಿಸಿದ ಮೇಲೆ ಅತ್ತೆ ದುಡ್ಡು ಇಸ್ಕೊಂಡು, ಎಣಿಸದೆ ಚೀಲಕ್ಕೆ ಹಾಕಿಕೊಂಡಳು. ಪ್ರತಿ ಸಲ ಕೇಳುವ ಹಾಗೆ ಈ ಸಲವೂ ಕೇಳಿದಳು.

"ಏಮೇ, ಅವತ್ತು ಬಾಯಿ ತಪ್ಪಿ ಜಾಸ್ತಿ ಕಟ್ಟಿಬಿಟ್ಟೆ ಅನ್ಸುತ್ತಾ? ಇಳಿಸ್ಕೋತೀಯ ಏನು?"

"ಇಲ್ಲ ಅತ್ತೆ," ಅಂದೆ. "ಬೆಲೆ ಅಷ್ಟೇ ಇರ್ಲಿ."